ಒಂದು ಗ್ರಾಮಿಗೂ ಕಡಿಮೆ

1979ರ ಏಪ್ರಿಲ್ 2, ಸೋಮವಾರ. ಉರಲ್ ಪರ್ವತಸಾಲಿನ ಮಗ್ಗುಲಲ್ಲಿದ್ದ ಸೋವಿಯತ್ ಕೈಗಾರಿಕಾ ನಗರ ಸ್ವೆರ್ಡ್‌ಲೋವ್‌ಸ್ಕ್‌ನಲ್ಲಿ ಸುಮಾರು 12 ಲಕ್ಷ ಜನ ಎಂದಿನಂತೆ ವಾರದ ಕೆಲಸ ಶುರುಮಾಡಿದರು. ಅಂದು ನಗರದ ದಕ್ಷಿಣ ಭಾಗದ ಮೇಲೆ ಏನೋ ಹಾದುಹೋಯಿತು. ಅದಕ್ಕೆ ಬಣ್ಣವಿರಲಿಲ್ಲ, ವಾಸನೆಯಿರಲಿಲ್ಲ, ಸದ್ದಿರಲಿಲ್ಲ. ಯಾರೂ ಕೆಮ್ಮಲಿಲ್ಲ, ಯಾರ ಕಣ್ಣೂ ಉರಿಯಲಿಲ್ಲ. ಎರಡು ದಿನ ಕಳೆದ ಮೇಲೆ ಜ್ವರ ಕಾಣಿಸಿಕೊಂಡಿತು. ಮುಂದಿನ ಆರು ವಾರಗಳಲ್ಲಿ ಕನಿಷ್ಠ 66 ಜನ ಸತ್ತರು. ಗಾಳಿಯಲ್ಲಿ ಅಂದು ತೇಲಿಹೋದ ವಸ್ತುವಿನ ತೂಕ ಕೆಲವೇ ಮಿಲಿಗ್ರಾಂ ಇದ್ದಿರಬಹುದು, ಹೆಚ್ಚೆಂದರೆ ಒಂದು ಗ್ರಾಮಿನ ಹತ್ತಿರ ಎಂದು 15 ವರ್ಷಗಳ ನಂತರ ವಿಜ್ಞಾನಿಗಳು ಲೆಕ್ಕಹಾಕಿದರು. ಸಾರಿಗೆ ಹಾಕುವ ಎರಡು ಚಿಟಿಕೆ ಉಪ್ಪಿನಷ್ಟು.

ಆಸ್ಪತ್ರೆಗೆ ಬಂದವರನ್ನು ವೈದ್ಯರು ಮೊದಲು ನ್ಯುಮೋನಿಯಾ ರೋಗಿಗಳೆಂದೇ ಭಾವಿಸಿದರು. ಜ್ವರ, ಚಳಿ, ಎದೆ ಬಿಗಿತ, ಏದುಸಿರು. ಆದರೆ ರೋಗಿಗಳು ಕುಸಿಯುತ್ತಿದ್ದ ವೇಗ ಯಾವ ನ್ಯುಮೋನಿಯಾಕ್ಕೂ ಹೊಂದುತ್ತಿರಲಿಲ್ಲ. ಸತ್ತವರಲ್ಲಿ ರೋಗ ಕಾಣಿಸಿಕೊಂಡ ದಿನದಿಂದ ಸಾವಿನವರೆಗಿನ ಅವಧಿ ಸಾಮಾನ್ಯವಾಗಿ ಮೂರೇ ದಿನ. ಏಪ್ರಿಲ್ 10ರಂದು ರೋಗಶಾಸ್ತ್ರಜ್ಞೆ ಫಾಯಿನಾ ಅಬ್ರಮೋವಾ ಒಂದು ಮರಣೋತ್ತರ ಪರೀಕ್ಷೆ ನಡೆಸಿದರು. ತಲೆಬುರುಡೆ ತೆರೆದಾಗ ಮಿದುಳಿನ ಪೊರೆಯ ತುಂಬ ರಕ್ತ ಹರಡಿ ಅಚ್ಚ ಕೆಂಪಾಗಿತ್ತು. ವೈದ್ಯಶಾಸ್ತ್ರ ಇದನ್ನು ‘ಕಾರ್ಡಿನಲ್ ಟೋಪಿ’ ಎಂದು ಕರೆಯುತ್ತದೆ. ಆ ಟೋಪಿ ಒಂದು ರೋಗದ ಕಡೆ ಬೆರಳು ತೋರಿಸುತ್ತಿತ್ತು: ಆಂಥ್ರಾಕ್ಸ್.

ನಮ್ಮ ಕುರಿಗಾಹಿಗಳಿಗೂ ಪಶುವೈದ್ಯರಿಗೂ ಈ ರೋಗ ಹೊಸದಲ್ಲ. ಅವರು ಅದನ್ನು ನೆರಡಿ ಎನ್ನುತ್ತಾರೆ. ನಿನ್ನೆ ಮೇಯುತ್ತಿದ್ದ ಕುರಿ ಬೆಳಗಾಗುವಷ್ಟರಲ್ಲಿ ಸತ್ತುಬಿದ್ದಿರುತ್ತದೆ, ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತದೆ. ಅಂಥ ಪ್ರಾಣಿಯ ಹೊಟ್ಟೆ ಕೊಯ್ಯಬಾರದು, ಚರ್ಮ ಸುಲಿಯಬಾರದು, ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು ಎಂಬುದು ಪಶುವೈದ್ಯರು ಹೇಳುವ ಮೊದಲ ಮಾತು. ಮನುಷ್ಯರಿಗೆ ಇದು ತಗುಲುವುದು ಹೆಚ್ಚಾಗಿ ಚರ್ಮದ ಗಾಯದ ಮೂಲಕ, ಅಪರೂಪಕ್ಕೆ ರೋಗಪೀಡಿತ ಮಾಂಸ ತಿಂದಾಗ. ಉಸಿರಿನ ಮೂಲಕ ಒಳಹೋಗಿ ಎದೆಗೂಡನ್ನು ಹಿಡಿಯುವ ಆಂಥ್ರಾಕ್ಸ್ ಎಷ್ಟು ವಿರಳವೆಂದರೆ ಬಹುಪಾಲು ವೈದ್ಯರು ಇಡೀ ವೃತ್ತಿಜೀವನದಲ್ಲಿ ಅದನ್ನು ಒಮ್ಮೆಯೂ ಕಾಣುವುದಿಲ್ಲ. ಅಬ್ರಮೋವಾ ಮತ್ತು ಅವರ ಕಿರಿಯ ಸಹೋದ್ಯೋಗಿ ಲೆವ್ ಗ್ರಿನ್‌ಬರ್ಗ್ ಅದನ್ನು ಕೆಲವೇ ವಾರಗಳಲ್ಲಿ 42 ದೇಹಗಳಲ್ಲಿ ಕಂಡರು.

ಸರ್ಕಾರದ ವಿವರಣೆ ಬೇಗನೆ ಹೊರಬಿತ್ತು. ರೋಗ ತಗುಲಿದ ದನದ ಮಾಂಸ ಕಳ್ಳದಾರಿಯಲ್ಲಿ ಮಾರಾಟವಾಗಿದೆ, ತಪಾಸಣೆಯಾಗದ ಮಾಂಸ ತಿನ್ನಬೇಡಿ ಎಂಬ ಎಚ್ಚರಿಕೆ ಪತ್ರಿಕೆಗಳಲ್ಲೂ ಭಿತ್ತಿಪತ್ರಗಳಲ್ಲೂ ಕಾಣಿಸಿಕೊಂಡಿತು. ಜೊತೆಜೊತೆಗೇ ಮಾಂಸಕ್ಕೆ ಸಂಬಂಧವೇ ಇಲ್ಲದಂಥ ಕೆಲಸಗಳೂ ನಡೆದವು. ಅಗ್ನಿಶಾಮಕ ವಾಹನಗಳು ಕಟ್ಟಡಗಳನ್ನೂ ಮರಗಳನ್ನೂ ತೊಳೆದವು. ಬೀದಿನಾಯಿಗಳನ್ನು ಗುಂಡಿಕ್ಕಿ ಕೊಂದರು. ಮಣ್ಣಿನ ರಸ್ತೆಗಳಿಗೆ ಡಾಂಬರು ಬಿತ್ತು. ನಗರದ ಚ್ಕಾಲೋವ್‌ಸ್ಕಿ ವಿಭಾಗದಲ್ಲಿ ಸುಮಾರು 59,000 ಜನರನ್ನು ಲಸಿಕೆಗೆ ಗುರುತಿಸಿದರು, ಅವರಲ್ಲಿ ಸುಮಾರು 80% ಜನ ಒಮ್ಮೆಯಾದರೂ ಲಸಿಕೆ ಹಾಕಿಸಿಕೊಂಡರು. ಕೆಟ್ಟ ಮಾಂಸ ತಿಂದವರಿಗಾಗಿ ಮರದ ಎಲೆಗಳನ್ನು ಯಾರಾದರೂ ತೊಳೆಯುತ್ತಾರೆಯೇ? ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವ ಕಾಲ ಅದಾಗಿರಲಿಲ್ಲ. ರಹಸ್ಯ ಪೊಲೀಸ್ ಸಂಸ್ಥೆ ಕೆಜಿಬಿ ಆಸ್ಪತ್ರೆಗಳಿಗೆ ಬಂದು ದಾಖಲೆಗಳನ್ನೆಲ್ಲ ಹೊತ್ತೊಯ್ದಿತು.

ಸತ್ತವರ ಪಟ್ಟಿಯೂ ಒಗಟಾಗಿತ್ತು. ಹೆಚ್ಚಿನವರು ದುಡಿಯುವ ಗಂಡಸರು. 24 ವರ್ಷಕ್ಕಿಂತ ಚಿಕ್ಕವರು ಒಬ್ಬರೂ ಇಲ್ಲ. ಮಾಂಸವೇ ಕಾರಣವಾಗಿದ್ದರೆ ಅದೇ ಪಾತ್ರೆಯ ಅಡುಗೆ ಉಂಡ ಹೆಂಡತಿ ಮಕ್ಕಳಿಗೂ ರೋಗ ಬರಬೇಕಿತ್ತು.

ಈ ಕೊಲೆಗಾರನ ಗಾತ್ರವನ್ನು ಈಗ ಅಳೆದು ನೋಡೋಣ. ಬ್ಯಾಸಿಲಸ್ ಆಂಥ್ರಾಸಿಸ್ ಎಂಬ ಬ್ಯಾಕ್ಟೀರಿಯಾ ಬದುಕು ಕಷ್ಟವಾದಾಗ ಗಟ್ಟಿ ಕವಚದ ಬೀಜಾಣುವಾಗಿ ಮುದುಡಿಕೊಳ್ಳುತ್ತದೆ. ಬೀಜಾಣುವಿನ ಅಗಲ ಸುಮಾರು ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಬಿಸಿಲು, ಬರ, ಹಿಮ ಯಾವುದಕ್ಕೂ ಅದು ಬೇಗ ಜಗ್ಗುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬ್ರಿಟನ್ ಸ್ಕಾಟ್ಲೆಂಡಿನ ಗ್ರುಯ್‌ನಾರ್ಡ್ ದ್ವೀಪದಲ್ಲಿ ಕುರಿಗಳನ್ನು ಕಟ್ಟಿಹಾಕಿ ಆಂಥ್ರಾಕ್ಸ್ ಬಾಂಬಿನ ಪ್ರಯೋಗ ನಡೆಸಿತು. ಸುಮಾರು 200 ಹೆಕ್ಟೇರಿನ ಆ ಪುಟ್ಟ ದ್ವೀಪವನ್ನು ಸ್ವಚ್ಛಗೊಳಿಸಲು 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿನಲ್ಲಿ ಬೆರೆಸಿ ಸುರಿಯಬೇಕಾಯಿತು. ದ್ವೀಪ ಸುರಕ್ಷಿತವೆಂದು ಘೋಷಣೆಯಾದದ್ದು 1990ರಲ್ಲಿ, ಪ್ರಯೋಗ ನಡೆದು 48 ವರ್ಷಗಳ ಮೇಲೆ.

ಒಣಗಿಸಿದ ಶುದ್ಧ ಬೀಜಾಣುಗಳ ಒಂದು ಗ್ರಾಮಿನಲ್ಲಿ ಒಂದು ಲಕ್ಷ ಕೋಟಿಯಷ್ಟು ಬೀಜಾಣುಗಳಿರಬಲ್ಲವು. ಉಸಿರಿನಲ್ಲಿ ಸುಮಾರು 8,000 ಬೀಜಾಣು ಒಳಹೋದರೆ ಒಡ್ಡಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ಅದು ಮಾರಕವಾಗಬಹುದು ಎಂಬುದು ಮಂಗಗಳ ಮೇಲಿನ ಪ್ರಯೋಗಗಳಿಂದ ಬಂದ ಅಂದಾಜು. ಭಾಗಿಸಿ ನೋಡಿ: ಒಂದೇ ಗ್ರಾಮಿನಲ್ಲಿ ಅಂಥ 12.5 ಕೋಟಿ ಪಾಲುಗಳಾಗುತ್ತವೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಬಯಲಿನ ಗಾಳಿಯಲ್ಲಿ ಬಹುಪಾಲು ಬೀಜಾಣುಗಳು ಯಾರ ಮೂಗಿಗೂ ಸಿಗದೆ ಚದುರಿಹೋಗುತ್ತವೆ. ಮನುಷ್ಯಕುಲವನ್ನು ಇಂಥ ಅಸ್ತ್ರದಿಂದ ಕಾಯುವುದರಲ್ಲಿ ದೊಡ್ಡ ಪಾಲು ಆಕಾಶದ ವಿಸ್ತಾರದ್ದೇ.

ಒಳಗೆ ಹೋದ ಬೀಜಾಣು ಮಾಡುವ ಕೆಲಸವೂ ಅಷ್ಟೇ ಅಚ್ಚರಿಯದು. ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳಿಗೆ ಅದು ಇಳಿಯುತ್ತದೆ. ದೇಹದ ಕಾವಲು ಕೋಶಗಳು ಅದನ್ನು ನುಂಗಿ ಎದೆಗೂಡಿನ ನಡುವಣ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಕಾಪಾಡಲು ಬಂದ ಕೋಶವೇ ಶತ್ರುವನ್ನು ಮನೆಯೊಳಕ್ಕೆ ಹೊತ್ತು ತಂದಂತಾಗುತ್ತದೆ. ಅಲ್ಲಿ ಬೀಜಾಣು ಮೊಳೆತು, ಬ್ಯಾಕ್ಟೀರಿಯಾ ದ್ವಿಗುಣಗೊಳ್ಳುತ್ತ ವಿಷ ಸುರಿಸುತ್ತದೆ. ಕೆಲವು ಬೀಜಾಣುಗಳು ಕೂಡಲೇ ಮೊಳೆಯದೆ ವಾರಗಟ್ಟಲೆ ಸುಮ್ಮನೆ ಕಾಯುತ್ತವೆ. ಸ್ವೆರ್ಡ್‌ಲೋವ್‌ಸ್ಕ್‌ನಲ್ಲಿ ಕೆಲವರು ಆ ಸೋಮವಾರದ ಗಾಳಿ ಕುಡಿದು ಆರು ವಾರಗಳಾದ ಮೇಲೆ ಕಾಯಿಲೆ ಬಿದ್ದರು.

ದೂರದರ್ಶನದ ವೈದ್ಯಕೀಯ ಪತ್ತೇದಾರಿ ಸರಣಿಗಳಲ್ಲಿ ಇಂಥ ಒಗಟು ಒಂದು ಕಂತಿನ ಮುಕ್ಕಾಲು ಗಂಟೆಯಲ್ಲಿ ಬಿಡಿಸಿಕೊಳ್ಳುತ್ತದೆ. ಇಲ್ಲಿ ಒಂದೂವರೆ ದಶಕ ಬೇಕಾಯಿತು. ಅದನ್ನು ಬಿಡಿಸಿದವರಲ್ಲಿ ಮುಖ್ಯರಾದವರ ಹೆಸರು ನಮ್ಮ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಡಿಎನ್‌ಎ ಹೇಗೆ ತನ್ನ ಪ್ರತಿ ತಾನೇ ಮಾಡಿಕೊಳ್ಳುತ್ತದೆ ಎಂಬುದನ್ನು 1958ರಲ್ಲಿ ತೋರಿಸಿದ ಮೆಸೆಲ್ಸನ್–ಸ್ಟಾಲ್ ಪ್ರಯೋಗವನ್ನು ಎರಡನೇ ಪಿಯುಸಿ ಜೀವಶಾಸ್ತ್ರದಲ್ಲಿ ಓದಿ ಚಿತ್ರ ಬರೆಯುತ್ತಾರಲ್ಲ, ಆ ಹಾರ್ವರ್ಡಿನ ಮ್ಯಾಥ್ಯೂ ಮೆಸೆಲ್ಸನ್ ಅವರೇ ಇವರು. ಜೈವಿಕ ಅಸ್ತ್ರಗಳ ವಿರುದ್ಧ ದಶಕಗಳ ಕಾಲ ದುಡಿದವರು. ಮಾಂಸದ ವಿವರಣೆ ಮೊದಲಿಗೆ ಅವರಿಗೂ ಸಾಧ್ಯವೆಂದೇ ಕಂಡಿತ್ತು. 1988ರಲ್ಲಿ ಸೋವಿಯತ್ ವೈದ್ಯರು ಅಮೆರಿಕಕ್ಕೆ ಬಂದು, ಸೋಂಕಿದ್ದ ಮೂಳೆಪುಡಿಯ ಮೇವಿನಿಂದ ದನಗಳಿಗೆ ರೋಗ ಬಂತು, ದನಗಳ ಮಾಂಸದಿಂದ ಜನಕ್ಕೆ ಬಂತು ಎಂದು ವಿವರವಾಗಿ ಹೇಳಿ ಹೋದರು. ಅಂಕಿಗಳ ಸಮೇತ ಹೇಳಿದ ಸುಳ್ಳಿಗೆ ಅಷ್ಟು ಶಕ್ತಿಯಿತ್ತು.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. 1979ರಲ್ಲಿ ಸ್ವೆರ್ಡ್‌ಲೋವ್‌ಸ್ಕ್ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾಗಿದ್ದ ಬೋರಿಸ್ ಯೆಲ್ಟ್ಸಿನ್ ಆ ಹೊತ್ತಿಗೆ ರಷ್ಯಾದ ಅಧ್ಯಕ್ಷರಾಗಿದ್ದರು. ದುರಂತಕ್ಕೆ ಸೇನೆಯ ಚಟುವಟಿಕೆಯೇ ಕಾರಣವೆಂದು 1992ರ ಮೇ ತಿಂಗಳಲ್ಲಿ ಅವರೇ ಒಪ್ಪಿಕೊಂಡರು. ಮುಂದಿನ ತಿಂಗಳೇ ಮೆಸೆಲ್ಸನ್ ತಂಡ ನಗರಕ್ಕೆ ಬಂದಿಳಿಯಿತು. ಕೆಜಿಬಿ ಕಾಗದಗಳನ್ನು ಒಯ್ದಿದ್ದರೂ ಅಬ್ರಮೋವಾ ಮತ್ತು ಗ್ರಿನ್‌ಬರ್ಗ್ ಅಂಗಾಂಶದ ತುಣುಕುಗಳನ್ನೂ ಗಾಜಿನ ಸ್ಲೈಡುಗಳನ್ನೂ ತಮ್ಮ ಟಿಪ್ಪಣಿಗಳನ್ನೂ 13 ವರ್ಷ ಕಾಪಾಡಿಕೊಂಡಿದ್ದರು. ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. 42 ದೇಹಗಳ ಆ ಸಾಕ್ಷ್ಯ 1993ರಲ್ಲಿ ಪ್ರಕಟವಾಯಿತು. 42ರಲ್ಲಿ 42ಕ್ಕೂ ಎದೆಗೂಡಿನ ದುಗ್ಧಗ್ರಂಥಿಗಳು ರಕ್ತಸ್ರಾವದಿಂದ ನಾಶವಾಗಿದ್ದವು. ರೋಗ ಒಳನುಗ್ಗಿದ್ದು ಹೊಟ್ಟೆಯಿಂದಲ್ಲ, ಉಸಿರಿನಿಂದ.

ಹಾಗಾದರೆ ಗಾಳಿ ಎಲ್ಲಿಂದ ಬೀಸಿತು? ಅದನ್ನು ಕಂಡುಹಿಡಿಯಲು ಮನೆಮನೆ ಅಲೆಯಬೇಕಿತ್ತು. ಮೃತರ ಕುಟುಂಬಗಳಿಗೆ ಪರಿಹಾರ ಕೊಡಲೆಂದು ತಯಾರಾಗಿದ್ದ ಒಂದು ಸರ್ಕಾರಿ ಪಟ್ಟಿಯಲ್ಲಿ 68 ಹೆಸರು, ಹುಟ್ಟಿದ ವರ್ಷ, ವಿಳಾಸ ಇದ್ದವು. ತಂಡದಲ್ಲಿದ್ದ ಸಮಾಜಶಾಸ್ತ್ರಜ್ಞೆ ಜೀನ್ ಗಿಲೆಮಿನ್ ಆ ಬಾಗಿಲುಗಳನ್ನು ತಟ್ಟಿದರು. ವಿಧವೆಯರ, ತಾಯಂದಿರ, ಮಕ್ಕಳ ಎದುರು ಕುಳಿತು ಕೇಳಿದ ಮುಖ್ಯ ಪ್ರಶ್ನೆ ಸರಳವಾದದ್ದು: ಏಪ್ರಿಲ್ ಮೊದಲ ವಾರ ಅವರು ಹಗಲು ಹೊತ್ತು ಎಲ್ಲಿದ್ದರು? ಸ್ಮಶಾನಕ್ಕೆ ಹೋಗಿ ಸಮಾಧಿಗಳ ಮೇಲಿನ ಹೆಸರು, ದಿನಾಂಕಗಳನ್ನು ಬರೆದುಕೊಂಡರು. ಬದುಕುಳಿದ 11 ಜನರೂ ಸೇರಿ ಒಟ್ಟು 77 ರೋಗಿಗಳ ವಿವರ ಕೂಡಿಬಂತು.

ಅವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಚುಕ್ಕೆಗಳು ಅಲ್ಲಲ್ಲಿ ಚೆಲ್ಲಾಡಿದಂತಿದ್ದವು. ಹಗಲು ಹೊತ್ತು ಅವರಿದ್ದ ಜಾಗಗಳನ್ನು ಗುರುತಿಸಿದಾಗ ಬಹುಪಾಲು ಚುಕ್ಕೆಗಳು ಒಂದೇ ಸಾಲಿಗೆ ಬಂದು ನಿಂತವು. ಸುಮಾರು 4 ಕಿಲೋಮೀಟರ್ ಉದ್ದದ ಕಿರಿದಾದ ಪಟ್ಟಿ ಅದು. ಒಂದು ತುದಿ ನಗರದ ದಕ್ಷಿಣದ ಅಂಚಿನಲ್ಲಿ, ಇನ್ನೊಂದು ತುದಿ ‘19ನೇ ಆವರಣ’ ಎಂಬ ಸೇನಾ ಸಂಶೋಧನಾ ಕೇಂದ್ರದಲ್ಲಿ. ಪಟ್ಟಿಯನ್ನು ಹಾಗೇ ಮುಂದಕ್ಕೆ ಎಳೆದರೆ ಆರು ಹಳ್ಳಿಗಳು ಸಿಗುತ್ತಿದ್ದವು. ಆರರಲ್ಲೂ ಆ ಏಪ್ರಿಲಿನಲ್ಲಿ ಕುರಿ, ದನಗಳು ಆಂಥ್ರಾಕ್ಸಿನಿಂದ ಸತ್ತಿದ್ದವು. ಕೊನೆಯ ಹಳ್ಳಿ ಅಬ್ರಮೋವೋ ಸುಮಾರು 50 ಕಿಲೋಮೀಟರ್ ದೂರದಲ್ಲಿತ್ತು.

ಇನ್ನು ಉಳಿದದ್ದು ದಿನಾಂಕ. ನಗರದ ವಿಮಾನ ನಿಲ್ದಾಣದ ಹವಾಮಾನ ದಾಖಲೆಗಳನ್ನು ತೆಗೆದು ನೋಡಿದರು. ಗಾಳಿ ಈ ಪಟ್ಟಿಯ ಗುಂಟವೇ ಹಗಲಿಡೀ ಬೀಸಿದ್ದು ಏಪ್ರಿಲ್ 2ರಂದು. ಪಟ್ಟಿಯೊಳಗಿನ ಸೇನಾ ವಸತಿಯಲ್ಲಿ ತರಬೇತಿಗೆ ಬಂದಿದ್ದ ಕೆಲವು ಮೀಸಲು ಸೈನಿಕರೂ ರೋಗಿಗಳಲ್ಲಿದ್ದರು. ಅವರ ತರಬೇತಿ ಶುರುವಾದದ್ದೂ ಅಂದೇ. ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ಎಂದಿಟ್ಟುಕೊಂಡರೆ ಆ ಕಾಣದ ಮೋಡ ನಗರದ 4 ಕಿಲೋಮೀಟರುಗಳನ್ನು ಹದಿಮೂರು ಹದಿನಾಲ್ಕು ನಿಮಿಷಗಳಲ್ಲಿ ದಾಟಿ, ಮೂರು ಗಂಟೆಯೊಳಗೆ ಅಬ್ರಮೋವೋದ ಕುರಿಗಳನ್ನು ಮುಟ್ಟಿರಬೇಕು. ಆವರಣದಿಂದ ಸುಮಾರು 2.8 ಕಿಲೋಮೀಟರ್ ದೂರದಲ್ಲಿ ಸೆರಾಮಿಕ್ ಕಾರ್ಖಾನೆಯೊಂದಿತ್ತು. ಅದರ ಕೊಳವೆ ತಯಾರಿಸುವ ವಿಭಾಗದ ಸುಮಾರು 450 ಕಾರ್ಮಿಕರಲ್ಲಿ 10 ಜನ ಸತ್ತರು. ನೂರಕ್ಕೆ ಇಬ್ಬರು. ಇಷ್ಟು ಸೋಂಕಿಗೆ ತಲಾ ಎಷ್ಟು ಬೀಜಾಣು ಬೇಕು ಎಂಬುದಕ್ಕೆ ಒಂದು ಗಣಿತ ಮಾದರಿ ಕೊಟ್ಟ ಉತ್ತರ: ಒಂಬತ್ತು. ಇಂಥ ಲೆಕ್ಕಗಳಿಂದಲೇ 1994ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧ ಮಿಲಿಗ್ರಾಮುಗಳ ಅಂದಾಜಿಗೆ ಬಂದದ್ದು. ಸೋರಿದ್ದು ಕಿಲೋಗಟ್ಟಲೆ ಇರಬೇಕೆಂದು ವಾದಿಸಿದವರೂ ಇದ್ದಾರೆ. ಆದರೆ ಅಂದಾಜು ಎಷ್ಟೇ ಹಿಗ್ಗಿದರೂ ಆ ಕೇಂದ್ರ ತಯಾರಿಸುತ್ತಿದ್ದ ರಾಶಿಯ ಮುಂದೆ ಅದು ಏನೇನೂ ಅಲ್ಲ.

ಆ ರಾಶಿಯ ಅಳತೆ ಕೊಟ್ಟವರು ಕೆನ್ ಅಲಿಬೆಕ್. ‘ಬಯೋಪ್ರಿಪರಾತ್’ ಎಂಬ ಸೋವಿಯತ್ ಜೈವಿಕ ಅಸ್ತ್ರ ಸಂಸ್ಥೆಯ ಎರಡನೇ ಸ್ಥಾನದಲ್ಲಿದ್ದು 1992ರಲ್ಲಿ ಅಮೆರಿಕಕ್ಕೆ ಹೋದವರು. ಹೊರಗೆ ಔಷಧ ಉದ್ಯಮದ ಫಲಕ, ಒಳಗೆ ಯುದ್ಧ. ಅಲಿಬೆಕ್ ಹೇಳುವಂತೆ ಸ್ವೆರ್ಡ್‌ಲೋವ್‌ಸ್ಕ್ ದುರಂತಕ್ಕೆ ಕಾರಣ ಗಾಳಿ ಹೊರಹೋಗುವ ಕೊಳವೆಯಿಂದ ತೆಗೆದ ಒಂದು ಫಿಲ್ಟರ್. ಅದನ್ನು ಮತ್ತೆ ಕೂರಿಸದೆಯೇ ಮುಂದಿನ ಪಾಳಿ ಯಂತ್ರಗಳನ್ನು ಚಾಲೂ ಮಾಡಿತು. ಅಪಘಾತದ ನಂತರ ಕೆಲಸ ನಿಲ್ಲಲಿಲ್ಲ, ಇನ್ನೂ ದೊಡ್ಡದಾಯಿತು. ಕಜಾಕಿಸ್ತಾನದ ಸ್ಟೆಪ್ನೊಗೊರ್ಸ್ಕ್‌ನಲ್ಲಿ ಎದ್ದ ಹೊಸ ಕಾರ್ಖಾನೆಯಲ್ಲಿ ತಲಾ 20,000 ಲೀಟರಿನ ಹುದುಗು ತೊಟ್ಟಿಗಳು ಸಾಲಾಗಿ ನಿಂತವು. ಯುದ್ಧ ಬಂದರೆ ಸುಮಾರು ಹತ್ತು ತಿಂಗಳಲ್ಲಿ 300 ಟನ್ ಆಂಥ್ರಾಕ್ಸ್ ತಯಾರಿಸುವ ಸಾಮರ್ಥ್ಯ ಅದಕ್ಕಿತ್ತೆಂದು ಅಲಿಬೆಕ್ ಲೆಕ್ಕ ಕೊಟ್ಟಿದ್ದಾರೆ.

300 ಟನ್ ಎಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ 1970ರಲ್ಲಿ ಒಂದು ಅಂದಾಜು ಮಾಡಿತ್ತು. 5 ಲಕ್ಷ ಜನರ ನಗರದ ಮೇಲೆ ಗಾಳಿಗೆ ಅನುಕೂಲವಾಗಿ ವಿಮಾನದಿಂದ 50 ಕಿಲೋ ಆಂಥ್ರಾಕ್ಸ್ ಚೆಲ್ಲಿದರೆ 95,000 ಜನ ಸಾಯುತ್ತಾರೆ, ಇನ್ನೂ 1,25,000 ಜನ ಹಾಸಿಗೆ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 300 ಟನ್ ಅಂಥ 6,000 ದಾಳಿಗಳಿಗೆ ಸಾಲುತ್ತದೆ. ಅಷ್ಟು ನಗರಗಳನ್ನು ಭೂಮಿಯ ಮೇಲೆ ಹುಡುಕುವುದೇ ಕಷ್ಟ. ಸ್ವೆರ್ಡ್‌ಲೋವ್‌ಸ್ಕ್‌ನಲ್ಲಿ ತಯಾರಾಗಿದ್ದ ಹಳೆಯ ದಾಸ್ತಾನನ್ನು 1988ರಲ್ಲಿ ಎರಡು ಡಜನ್ ರೈಲು ಬೋಗಿಗಳಲ್ಲಿ ತುಂಬಿ, ಬ್ಲೀಚಿಂಗ್ ದ್ರಾವಣ ಸುರಿದು, ಅರಲ್ ಸಮುದ್ರದ ವೊಜ್ರೊಜ್ಡೇನಿಯಾ ದ್ವೀಪಕ್ಕೆ ಸಾಗಿಸಿ ಹೂತರು. ಮುಂದೆ ಆ ಮಣ್ಣಿನ ಮಾದರಿ ತೆಗೆದಾಗ ಕೆಲವು ಬೀಜಾಣುಗಳು ಇನ್ನೂ ಜೀವಂತವಿದ್ದವು. ಅಷ್ಟರಲ್ಲಿ ಅರಲ್ ಸಮುದ್ರವೇ ಬತ್ತುತ್ತ ಹೋಗಿ ದ್ವೀಪ ದಡಕ್ಕೆ ಕೂಡಿಕೊಳ್ಳುತ್ತಿತ್ತು. ಅಮೆರಿಕ ಮತ್ತು ಉಜ್ಬೇಕಿಸ್ತಾನ ಸೇರಿ 2002ರಲ್ಲಿ ಆ ಗುಂಡಿಗಳನ್ನು ತೆರೆದು ನಿರ್ವಿಷಗೊಳಿಸಬೇಕಾಯಿತು.

ಇವೆಲ್ಲವೂ ನಡೆದದ್ದು ನಿಷೇಧದ ಕಾಲದಲ್ಲಿ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಜೈವಿಕ ಅಸ್ತ್ರಗಳನ್ನು ಪೂರ್ತಿ ನಿಷೇಧಿಸುವ ಒಪ್ಪಂದಕ್ಕೆ 1972ರಲ್ಲಿ ಸಹಿಬಿತ್ತು, 1975ರಲ್ಲಿ ಅದು ಜಾರಿಗೆ ಬಂತು. ಭಾರತ 1974ರಲ್ಲೇ ಅದನ್ನು ಅನುಮೋದಿಸಿತು. ಒಪ್ಪಂದದ ಮೂಲಪ್ರತಿ ಕಾಯುವ ಹೊಣೆ ಹೊತ್ತ ಮೂರು ದೇಶಗಳಲ್ಲಿ ಸೋವಿಯತ್ ಒಕ್ಕೂಟವೂ ಒಂದು. ಆದರೆ ಸಹಿ ಹಾಕಿದವರು ಮಾತು ಉಳಿಸಿಕೊಂಡಿದ್ದಾರೆಯೇ ಎಂದು ಪರೀಕ್ಷಿಸುವ ವ್ಯವಸ್ಥೆಯನ್ನೇ ಒಪ್ಪಂದದಲ್ಲಿ ಇಟ್ಟಿರಲಿಲ್ಲ. ಅದನ್ನು ಸೇರಿಸಲು ವರ್ಷಗಟ್ಟಲೆ ನಡೆದ ಮಾತುಕತೆಯನ್ನು 2001ರ ಜುಲೈಯಲ್ಲಿ ಅಮೆರಿಕ ತಿರಸ್ಕರಿಸಿತು.

ಎರಡೇ ತಿಂಗಳಲ್ಲಿ ಆಂಥ್ರಾಕ್ಸ್ ಅಮೆರಿಕದ ಅಂಚೆಯಲ್ಲಿ ಬಂತು. ಇಬ್ಬರು ಸೆನೆಟರುಗಳಿಗೆ ಬಂದ ಲಕೋಟೆಗಳಲ್ಲಿದ್ದದ್ದು ತಲಾ ಸುಮಾರು ಒಂದು ಗ್ರಾಂ ಪುಡಿ. ಮಾಧ್ಯಮ ಕಚೇರಿಗಳಿಗೆ ಹೋದ ಪತ್ರಗಳೂ ಸೇರಿ 22 ಜನರಿಗೆ ರೋಗ ಬಂತು, ಐವರು ಸತ್ತರು. ಸುಮಾರು 32,000 ಜನ ಮುನ್ನೆಚ್ಚರಿಕೆಯ ಆಂಟಿಬಯೋಟಿಕ್ ಶುರುಮಾಡಿದರು. ಬೆರಳು ಕೊನೆಗೆ ತಿರುಗಿದ್ದು ಅಮೆರಿಕ ಸೇನೆಯದೇ ಫೋರ್ಟ್ ಡೆಟ್ರಿಕ್ ಪ್ರಯೋಗಾಲಯದ ವಿಜ್ಞಾನಿಯೊಬ್ಬರ ಕಡೆಗೆ. ನ್ಯಾಯಾಲಯ ಆರೋಪ ಕೇಳುವ ಮೊದಲೇ ಅವರು ತೀರಿಕೊಂಡರು.

ಆ ಹೊತ್ತಿನಲ್ಲಿ ವೈದ್ಯರಿಗೆ ಎದುರಾದ ಪ್ರಶ್ನೆ: ಸೋಂಕಿಗೆ ಒಡ್ಡಿಕೊಂಡಿರಬಹುದಾದವರು ಎಷ್ಟು ದಿನ ಮಾತ್ರೆ ನುಂಗಬೇಕು? ಹೆಚ್ಚಿನ ಬ್ಯಾಕ್ಟೀರಿಯಾ ರೋಗಗಳಿಗೆ ವಾರ, ಹತ್ತು ದಿನ ಸಾಕು. ಇಲ್ಲಿ ಸುಮಾರು 10,000 ಜನರಿಗೆ 60 ದಿನ ಎಂದು ಸಲಹೆಯಾಯಿತು. ಅದಕ್ಕೆ ಆಧಾರವಾದದ್ದು ಮಂಗಗಳ ಮೇಲಿನ ಹಳೆಯ ಪ್ರಯೋಗಗಳು ಮತ್ತು ಸ್ವೆರ್ಡ್‌ಲೋವ್‌ಸ್ಕ್‌ನ ಸಾವುಗಳ ದಿನಾಂಕ. ಉಸಿರಾಡಿ ಆರು ವಾರಗಳ ಮೇಲೂ ರೋಗ ಎದ್ದೀತು ಎಂಬುದನ್ನು ಮನುಷ್ಯರಲ್ಲಿ ತೋರಿಸಿಕೊಟ್ಟವರು ಆ ಕಾರ್ಮಿಕರು. ಅವರ ಸಾವಿನ ದಿನಾಂಕಗಳು 13 ವರ್ಷ ಸರ್ಕಾರದ ಗುಟ್ಟಾಗಿದ್ದವು.

ಸುಳ್ಳಿನ ನಿಜವಾದ ಬೆಲೆ ನನಗೆ ಇಲ್ಲೇ ಕಾಣುತ್ತದೆ. 66 ಜನರ ಸಾವನ್ನು ಮುಚ್ಚಿಟ್ಟದ್ದು ಒಂದು ಅಪರಾಧ. ಆ ಸಾವುಗಳಿಂದ ಜಗತ್ತು ಕಲಿಯಬೇಕಾದ ಪಾಠವನ್ನು ತಡೆಹಿಡಿದದ್ದು ಎರಡನೆಯದು. ಪಾಠ ನಮಗೆ ಸಿಕ್ಕಿದ್ದು ಇಬ್ಬರು ರೋಗಶಾಸ್ತ್ರಜ್ಞರ ಧೈರ್ಯದಿಂದ, ತಮ್ಮ ದುಃಖವನ್ನು ಅಪರಿಚಿತರ ಮುಂದೆ ತೆರೆದಿಟ್ಟ ಮನೆಮಂದಿಯಿಂದ, ದಿನವೂ ಗಾಳಿಯ ದಿಕ್ಕು ಬರೆದಿಟ್ಟ ವಿಮಾನ ನಿಲ್ದಾಣದ ನೌಕರರಿಂದ. ಅದು ಬಹುಮಟ್ಟಿಗೆ ಅದೃಷ್ಟ. ಒಬ್ಬರು ಹೆದರಿ ಸ್ಲೈಡುಗಳನ್ನು ಎಸೆದಿದ್ದರೆ ಇಂದಿಗೂ ನಾವು ಕೆಟ್ಟ ಮಾಂಸದ ಕಥೆಯನ್ನೇ ಓದುತ್ತಿದ್ದೆವೇನೋ.

ರಾಸಾಯನಿಕ ಅಸ್ತ್ರಗಳ ನಿಷೇಧವನ್ನು ಕಾಯಲು ಹೇಗ್ ನಗರದಲ್ಲಿ ಸುಮಾರು 500 ಸಿಬ್ಬಂದಿಯ ಸಂಸ್ಥೆಯಿದೆ, ಅದರ ತಪಾಸಕರು ಕಾರ್ಖಾನೆಗಳ ಬಾಗಿಲು ತೆರೆಸುತ್ತಾರೆ. ಜೈವಿಕ ಅಸ್ತ್ರಗಳ ಒಪ್ಪಂದಕ್ಕೆ ಜಿನೀವಾದಲ್ಲಿರುವುದು ಬೆರಳೆಣಿಕೆಯ ಅಧಿಕಾರಿಗಳ ಒಂದು ಘಟಕ, ಯಾರ ಬಾಗಿಲನ್ನೂ ತಟ್ಟುವ ಅಧಿಕಾರ ಅದಕ್ಕಿಲ್ಲ. 180ಕ್ಕೂ ಹೆಚ್ಚು ದೇಶಗಳ ಮಾತನ್ನು ಜಗತ್ತು ಬರೀ ನಂಬಿಕೆಯ ಮೇಲೆ ಬಿಟ್ಟಿದೆ. ಒಂದು ಗ್ರಾಮಿನಿಂದ ಇಷ್ಟು ಸಾವು ಸಾಧ್ಯವಾಗುವ ಕಡೆ ನಂಬಿಕೆಯೊಂದೇ ಸಾಲದು. ಅನುಮಾನ ಬಂದ ದಿನವೇ ಆಸ್ಪತ್ರೆಯ ದಾಖಲೆ, ಮರಣೋತ್ತರ ವರದಿ, ಹವಾಮಾನದ ಪಟ್ಟಿಗಳನ್ನು ಹೊರಗಿನ ತಜ್ಞರ ಮುಂದೆ ಇಡಬೇಕೆಂಬ ನಿಯಮ ಎಲ್ಲ ದೇಶಗಳಿಗೂ ಒಂದೇ ಆಗಿ ಜಾರಿಗೆ ಬರಬೇಕು. ಭಾರತವೂ ಸೇರಿದಂತೆ ಸಹಿ ಹಾಕಿದ ಎಲ್ಲ ದೇಶಗಳ ಪ್ರಜೆಗಳು ತಮ್ಮ ಸರ್ಕಾರಗಳನ್ನು ಕೇಳಲೇಬೇಕಾದದ್ದು ಇದನ್ನೇ.